ಕೈಯಿಂದ ಚುಚ್ಚಿದ ಹಚ್ಚೆ ಬೇಗ ಮಾಸುತ್ತಾ?

"ಮಷೀನ್ ಇಲ್ಲದೆ ಹಾಕಿದ್ರೆ ಬೇಗ ಮಾಸುತ್ತೆ ಅಲ್ವಾ?" ಕೈಯಿಂದಲೇ ಸೂಜಿ ಚುಚ್ಚಿ ಹಚ್ಚೆ ಹಾಕುವ ನನ್ನ ಬಳಿ ಟ್ಯಾಟೂಗೆ ಬರುವವರು ಮೊದಲು ಕೇಳುವುದು ಇದನ್ನೇ. ಮೊನ್ನೆ ಹೀಗೆ ಕೇಳಿದ ಹುಡುಗಿಯ ಜೊತೆ ಅವಳ ಅಜ್ಜಿಯೂ ಬಂದಿದ್ದರು. ಅಜ್ಜಿ ಮಾತಾಡಲಿಲ್ಲ. ಬಳೆ ಸರಿಸಿ ಮುಂಗೈ ತೋರಿಸಿದರು. ಅಜ್ಜಿಯ ಮನೆ ಜಗಲಿಯಲ್ಲಿ ಕೂತು ಕೊರವಂಜಿ ಹಾಕಿದ ಹಚ್ಚೆ. ಅರವತ್ತು ವರ್ಷವಾದರೂ ಚುಕ್ಕಿ ಎಣಿಸಬಹುದು.

ಹಚ್ಚೆ ಉಳಿಯುವುದು ಆಳದಿಂದ. ಮೇಲ್ಚರ್ಮ ಸದಾ ಉದುರಿ ಹೊಸದಾಗುತ್ತಿರುತ್ತದೆ, ಶಾಯಿ ಅಲ್ಲೇ ನಿಂತರೆ ಅದೂ ಉದುರುತ್ತದೆ. ಕೆಳಗಿನ ಪದರಕ್ಕೆ, ಸುಮಾರು 1ರಿಂದ 2 ಮಿ.ಮೀ. ಆಳಕ್ಕೆ ಇಳಿದರೆ ದೇಹದ ಕಾವಲು ಜೀವಕೋಶಗಳು ಅದನ್ನು ನುಂಗಿ ಕೂರುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಶಾಯಿಯನ್ನು ಇನ್ನೊಂದು ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ಇದನ್ನು ತೋರಿಸಿದರು. ಇನ್ನೂ ಕೆಳಗೆ ಹೋದರೆ ಮಾತ್ರ ಶಾಯಿ ಹರಡಿ ಗೆರೆ ಮಬ್ಬಾಗುತ್ತದೆ.

ಕೈಗೆ ಆಳ ಗೊತ್ತಾಗುವುದು ಹೇಗೆ? ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುತ್ತೇನೆ. ಸೂಜಿಯನ್ನು ಓರೆಯಾಗಿ ಚುಚ್ಚಿ ತೆಗೆಯುವಾಗ, ಚರ್ಮ ಅದನ್ನು 'ಟಿಕ್' ಅಂತ ಬಿಟ್ಟುಕೊಟ್ಟದ್ದು ಬೆರಳಿಗೆ ತಿಳಿಯುತ್ತದೆ. ಆ ಟಿಕ್ ಇಲ್ಲದ ಚುಕ್ಕಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬೆರಳುದ್ದದ ಬಳ್ಳಿಗೆ ನನಗೆ ಎರಡು ಗಂಟೆ ಹಿಡಿಯುವುದು ಇದಕ್ಕೇ. ಅಂಗೈ, ಬೆರಳಿನ ಬದಿಗೆ ಹಾಕಿ ಅಂದರೆ ಒಪ್ಪುವುದಿಲ್ಲ. ಅಲ್ಲಿ ಎಷ್ಟು ಚೆನ್ನಾಗಿ ಚುಚ್ಚಿದರೂ ಸವೆಯುತ್ತದೆ, ಬೈಗುಳ ನನಗೆ.

ಹಳೇ ಪದ್ಧತಿಯಲ್ಲಿ ನನಗೆ ಬೇಡವೇ ಬೇಡ ಅನ್ನಿಸುವುದು ಊರಿಗೆಲ್ಲ ಒಂದೇ ಸೂಜಿ. ಹೆಪಟೈಟಿಸ್ ಬಿ, ಎಚ್‌ಐವಿ ಹರಡಲು ಅಷ್ಟು ಸಾಕು. ಸೀಲ್ ಇರುವ ಸೂಜಿಯನ್ನು ನಿಮ್ಮೆದುರೇ ಬಿಚ್ಚಬೇಕು. ಬಟ್ಟಲಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೆ ವಾಪಸ್ ಸುರಿಯುವವರನ್ನು ಕಂಡರೆ ಸುಮ್ನೆ ಎದ್ದು ಬನ್ನಿ. ಹೊಲಿಗೆ ಸೂಜಿ, ಪೆನ್ನಿನ ಇಂಕು ಹಿಡಿದು ಮನೆಯಲ್ಲೇ ಪ್ರಯೋಗ ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಕೀವು ನೋಡಿದ ದಿನ ಊಟ ಸೇರಲಿಲ್ಲ.

ಹುಡುಗಿಯ ಹಚ್ಚೆ ಮುಗಿದ ಮೇಲೆ ಅಜ್ಜಿ, "ಅರಿಶಿನ ಹಚ್ಚಮ್ಮ" ಅಂದರು. ಬೇಡ ಅಂದೆ. ಅಡುಗೆಮನೆ ಡಬ್ಬಿಯ ಪುಡಿ ಹಸಿ ಗಾಯಕ್ಕಲ್ಲ. ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ಒರೆಸಿ, ತೆಳುವಾಗಿ ಮುಲಾಮು ಹಚ್ಚಿದರೆ ಸಾಕು. ಎರಡು ಮೂರು ವಾರ ಈಜುಕೊಳ, ಬಿಸಿಲು ಬೇಡ, ಹೊಪ್ಪಳೆ ಕೀಳಬೇಡಿ. ರಕ್ತದಾನವನ್ನು 12 ತಿಂಗಳು ಮುಂದೂಡಬೇಕು, ನಮ್ಮ ದೇಶದ ನಿಯಮ ಅದು.

ಬಿಲ್ ನೋಡಿ ಅಜ್ಜಿ ನಕ್ಕರು. ಅವರ ಕೈಯ ಹಚ್ಚೆಗೆ ಆಗ ಕೊರವಂಜಿಗೆ ಕೊಟ್ಟಿದ್ದು ಒಂದು ಮೊರ ರಾಗಿಯಂತೆ.