ಬೆವರು ಕಾಣದ ಊರಿನ ಬೇಸಿಗೆ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಸಿದ್ದಾಪುರದ ಹತ್ತಿರದ ತೋಟದಿಂದ ಒಬ್ಬರನ್ನು ಜೀಪಿನಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಸಿಲ್ವರ್ ಮರಕ್ಕೆ ಏಣಿ ಹಾಕಿ ಕರಿಮೆಣಸು ಕೊಯ್ಯುತ್ತಿದ್ದವರು ಏಳೆಂಟು ಅಡಿ ಮೇಲಿಂದ ಬಿದ್ದಿದ್ದರು. ಪುಣ್ಯಕ್ಕೆ ತರಗೆಲೆ ರಾಶಿಯ ಮೇಲೆ ಬಿದ್ದು ಮಣಿಕಟ್ಟು ಮಾತ್ರ ಮುರಿದಿತ್ತು. "ಕಾಲು ಜಾರಿತು" ಅಂದರು. ಕೈಗೆ ಪಟ್ಟಿ ಕಟ್ಟುತ್ತಾ, ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಎದ್ದಾಗ ಒಂದು ಸಲ" ಅಂದರು. ಆಗ ಗಂಟೆ ಎರಡೂವರೆ. ಅಲ್ಲಿವರೆಗೆ ಅವರು ಕುಡಿದದ್ದು ಎರಡು ಲೋಟ ಬೆಲ್ಲದ ಕಾಫಿ, ಅಷ್ಟೇ. ಬೀಳುವ ಮೊದಲು ಕಣ್ಣು ಕತ್ತಲೆ ಬಂದಂತಾಗಿತ್ತು ಅನ್ನೋದು ಆಮೇಲೆ ನೆನಪಾಯಿತು.

"ನೀರು ಯಾಕೆ ಕುಡಿಯಲಿಲ್ಲ?"

"ಬಾಯಾರಲಿಲ್ಲ ಡಾಕ್ಟ್ರೇ. ನಮ್ಮ ಕೊಡಗಲ್ಲಿ ಅಂಥ ಸೆಕೆ ಎಲ್ಲಿದೆ?"

ಈ ಮಾತನ್ನು ಫೆಬ್ರವರಿಯಿಂದ ಮೇ ತನಕ ನಾನು ದಿನಾ ಕೇಳುತ್ತೇನೆ. ತೋಟದ ಕೆಲಸದವರೂ ಹೇಳುತ್ತಾರೆ, ಸಾಹುಕಾರರೂ ಹೇಳುತ್ತಾರೆ, ಸೈನ್ಯದಿಂದ ನಿವೃತ್ತರಾಗಿ ಬಂದವರೂ ಹೇಳುತ್ತಾರೆ. ಮಂಗಳೂರಿನವರಿಗೆ ಬೇಸಿಗೆ ಬಂದದ್ದು ಒದ್ದೆ ಅಂಗಿಯಿಂದಲೇ ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬೇಸಿಗೆಯ ಕಾಯಿಲೆ ಶುರುವಾಗುವುದೇ ಇಲ್ಲಿಂದ.

ಯಾಕೆ ಅಂತ ನೋಡಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವ ತನಕ ಇಲ್ಲಿನ ಗಾಳಿ ಒಣಗಿರುತ್ತದೆ, ಬೀಸುತ್ತಲೂ ಇರುತ್ತದೆ. ಮೈಯಿಂದ ಬೆವರು ಬರುತ್ತದೆ, ಬಂದ ಕೂಡಲೇ ಆರಿ ಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ಬೆವರಿಲ್ಲ ಅಂದುಕೊಳ್ಳುತ್ತೇವೆ. ಆದರೆ ನೀರು ಮತ್ತು ಉಪ್ಪು ಹೋಗುವುದು ಹೋಗಿಯೇ ಹೋಗುತ್ತದೆ. ಸಂಜೆ ಬನಿಯನ್ ಮೇಲೆ ಬಿಳಿ ಗೆರೆ ಕಂಡರೆ ಅದು ಆ ಉಪ್ಪೇ. ಇನ್ನು ಬಿಸಿಲು. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರ್‌ಗಿಂತ ಮೇಲಿದೆ. 1000 ಮೀಟರ್ ಮೇಲೇರಿದರೆ ಚರ್ಮ ಸುಡುವ ಅತಿನೇರಳೆ ಕಿರಣ ಸುಮಾರು 10% ಜಾಸ್ತಿಯಾಗುತ್ತದೆ. ಗಾಳಿ ತಂಪಾಗಿದ್ದರೂ ಈ ಕಿರಣ ಕಡಿಮೆಯಾಗುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವವರ ಕತ್ತು, ಕಿವಿ ಕಪ್ಪಾಗಿ ಸಿಪ್ಪೆ ಏಳುವುದು ಇದರಿಂದಲೇ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ ಇದ್ದರೆ ದೊಡ್ಡ ಉಪಕಾರ.

ಹಾಗಾದರೆ ನೀರು ಎಷ್ಟು? ನೆರಳಲ್ಲಿ ಕೂತು ಕೆಲಸ ಮಾಡುವ ದೊಡ್ಡವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಸಾಕು. ಬಿಸಿಲಲ್ಲಿ ದುಡಿಯುವಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ ಬೇಕು. ಒಂದೇ ಸಲಕ್ಕೆ ಒಂದು ಚೊಂಬು ಗಟಗಟ ಕುಡಿಯುವುದಕ್ಕಿಂತ ಹೀಗೆ ಕುಡಿಯುವುದು ಒಳ್ಳೆಯದು. ಆದರೆ ಲೀಟರ್ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ನಾನು ಹೇಳಿಕೊಡುವುದು ಬಣ್ಣದ ಲೆಕ್ಕ. ಮೂತ್ರ ತಿಳಿ ಹಳದಿ ಇದ್ದರೆ ನೀವು ಕುಡಿದದ್ದು ಸಾಲುತ್ತಿದೆ. ಜೇನಿನ ಬಣ್ಣಕ್ಕೆ ತಿರುಗಿದರೆ ಸಾಲುತ್ತಿಲ್ಲ. ಚಹಾದ ಬಣ್ಣ ಬಂದರೆ ಕೆಲಸ ನಿಲ್ಲಿಸಿ ನೀರು ಕುಡಿಯಿರಿ. ಆಮೇಲೂ ಅದೇ ಬಣ್ಣ ಇದ್ದರೆ ಆಸ್ಪತ್ರೆಗೆ ಬನ್ನಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಿನ್ನುವವರಿಗೆ ಮಾತ್ರ ಈ ಲೆಕ್ಕ ಕೆಡುತ್ತದೆ. ಅವರಿಗೆ ಏನೇ ಕುಡಿದರೂ ಗಾಢ ಹಳದಿಯೇ. ಅವರು ಎಷ್ಟು ಸಲ ಹೋದೆವು ಅನ್ನೋದನ್ನು ನೋಡಬೇಕು. ಹಗಲಲ್ಲಿ ನಾಲ್ಕೈದು ಸಲವಾದರೂ ಹೋಗಬೇಕು.

ಕಾಫಿ ಕುಡಿದರೆ ನೀರಿನ ಲೆಕ್ಕಕ್ಕೆ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕಾಫಿ ಬೆಳೆಯುವ ಊರಲ್ಲವಾ, ಕೇಳಲೇಬೇಕು. ದಿನಕ್ಕೆ ಎರಡು ಮೂರು ಲೋಟದಿಂದ ಮೈಯ ನೀರು ಬರಿದಾಗುವುದಿಲ್ಲ. ಆ ಹೆದರಿಕೆ ಬೇಡ. ಆದರೆ ನಮ್ಮಲ್ಲಿ ಜಾಸ್ತಿ ಕುಡಿಯುವುದು ರೋಬಸ್ಟಾ, ಅದರಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಆರೇಳು ಲೋಟ ಕುಡಿದರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಎಲೆ ಅಡಿಕೆಯೂ ಹಾಗೆಯೇ ದಾರಿ ತಪ್ಪಿಸುತ್ತದೆ. ಜಗಿಯುವಾಗ ಬಾಯಲ್ಲಿ ನೀರೂರುತ್ತದೆ, ಬಾಯಾರಿಕೆ ಗೊತ್ತೇ ಆಗುವುದಿಲ್ಲ. ಬಾಯಿಗೆ ಅದು ಮಾಡುವ ಹಾನಿಯ ಮಾತು ಬೇರೆಯೇ ಇದೆ.

ಈಗ ನನ್ನ ಮನಸ್ಸಿಗೆ ತುಂಬಾ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ತೋಟದಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬೇಕಂತಲೇ ನೀರು ಕುಡಿಯುವುದಿಲ್ಲ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಚಳಿಜ್ವರ ಅಂತ ಬರುತ್ತಾರೆ. ಔಷಧಿ ಕೊಟ್ಟು "ನೀರು ಜಾಸ್ತಿ ಕುಡೀರಿ ಅಕ್ಕ" ಅನ್ನುತ್ತೇನೆ. ಅವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಒಬ್ಬರು ಮಾತ್ರ ಬಿಡಿಸಿ ಹೇಳಿದರು. "ಕುಡಿದರೆ ಎಲ್ಲಿಗೆ ಹೋಗೋದು? ಸುತ್ತ ಗಂಡಸರು. ನಾವಿರುವ ಲೈನ್ ಮನೆಗೆ ಹೋಗಿ ಬರಬೇಕಂದರೆ ಅರ್ಧ ಗಂಟೆ. ಕೆಲಸ ನೋಡಿಕೊಳ್ಳುವ ರೈಟರ್ ಬಯ್ಯುತ್ತಾರೆ."

ಅವತ್ತಿನಿಂದ ನಾನು ಬರೀ ನೀರು ಕುಡಿಯಿರಿ ಅನ್ನೋದನ್ನು ಬಿಟ್ಟಿದ್ದೇನೆ. ತೋಟದ ಮಾಲೀಕರು ಚಿಕಿತ್ಸೆಗೆ ಬಂದಾಗ ಅವರ ಹತ್ತಿರ ನೇರವಾಗಿ ಮಾತಾಡುತ್ತೇನೆ. ದೊಡ್ಡ ತೋಟಗಳಲ್ಲಿ ಕೆಲಸದವರಿಗೆ ಕುಡಿಯುವ ನೀರು, ಶೌಚಾಲಯ ಕೊಡಬೇಕು ಅನ್ನೋದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ತೋಟ ಚಿಕ್ಕದಿರಬಹುದು. ಆದರೂ ನಾಲ್ಕು ಕಂಬ ನೆಟ್ಟು ತಗಡು ಸುತ್ತಿ, ಒಂದು ಗುಂಡಿ, ಒಂದು ಬಕೆಟ್ ನೀರು ಇಟ್ಟರೂ ಹೆಣ್ಣುಮಕ್ಕಳು ನೀರು ಕುಡಿಯಲು ಶುರು ಮಾಡುತ್ತಾರೆ. ಕೆಲಸದ ಜಾಗ ಬದಲಾದಂತೆ ಅದನ್ನೂ ಬದಲಾಯಿಸಬಹುದು. ಕುಡಿಯುವ ನೀರಿನ ಕ್ಯಾನೂ ಕೆಲಸದ ಜಾಗದಲ್ಲೇ ಇರಲಿ. ಅದು ಕುದಿಸಿ ಆರಿಸಿದ ನೀರಾಗಿರಲಿ. ಏಪ್ರಿಲ್‌ನಲ್ಲಿ ಬಾವಿ, ಕೆರೆ ತಳ ಕಾಣುವಾಗ ಇರುವ ನೀರಲ್ಲೇ ಕೊಳೆ ಜಾಸ್ತಿ ಸೇರುತ್ತದೆ. ಸ್ಪ್ರಿಂಕ್ಲರ್‌ಗೆ ಬಿಡುವ ಕೆರೆ ನೀರನ್ನು ಪೈಪಿನಿಂದಲೇ ಬಾಯಿಗೆ ಹಿಡಿಯುವುದನ್ನು ಎಷ್ಟು ಸಲ ಕಂಡಿದ್ದೇನೋ. ವಾಂತಿಭೇದಿಗೆ ಅಷ್ಟು ಸಾಕು.

ಮೂತ್ರಕೋಶದ ಸೋಂಕು ಹೆಂಗಸರಲ್ಲಿ ಜಾಸ್ತಿ. ಮೂತ್ರಪಿಂಡದ ಕಲ್ಲು ಗಂಡಸರಲ್ಲಿ ಜಾಸ್ತಿ. ಬೆನ್ನಿನ ಒಂದು ಪಕ್ಕದಿಂದ ತೊಡೆಸಂದಿಗೆ ಇಳಿಯುವ ಆ ನೋವು ಒಮ್ಮೆ ಬಂದವರು ಮರೆಯುವುದಿಲ್ಲ. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗ ಅದರಲ್ಲಿರುವ ಲವಣಗಳು ಹರಳುಗಟ್ಟುತ್ತವೆ. ಒಮ್ಮೆ ಕಲ್ಲು ಬಂದವರಿಗೆ ಮತ್ತೆ ಬರುವುದು ಮಾಮೂಲು. ಹಾಗಾಗಿ ಅವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು.

ಬರೀ ನೀರಲ್ಲ, ಉಪ್ಪೂ ಬೇಕು. ಇದಕ್ಕೆ ಅಂಗಡಿಯ ಬಣ್ಣದ ಬಾಟಲಿ ಬೇಕಿಲ್ಲ. ನಮ್ಮ ಹಿರಿಯರು ಗಂಜಿ ಕುಡಿದು ಗದ್ದೆಗೆ ಹೋಗುತ್ತಿದ್ದರಲ್ವಾ? ಅಕ್ಕಿಗಂಜಿ, ಚಿಟಿಕೆ ಉಪ್ಪು, ಪಕ್ಕಕ್ಕೆ ಉಪ್ಪಿನಕಾಯಿ. ನೀರು, ಪಿಷ್ಟ, ಉಪ್ಪು ಮೂರೂ ಅದರಲ್ಲಿದೆ. ಉಪ್ಪು ಹಾಕಿದ ನೀರು ಮಜ್ಜಿಗೆ, ಸಂಪಾಜೆ ಕಡೆಯವರ ಪುನರ್ಪುಳಿ ಶರಬತ್ತು, ಸುಮ್ನೆ ಒಂದು ನಿಂಬೆಹಣ್ಣು ಹಿಂಡಿದ ನೀರು, ಎಲ್ಲವೂ ಒಳ್ಳೆಯದೇ. ಏಪ್ರಿಲ್‌ನಲ್ಲಿ ಕಾಡುಮಾವಿನ ಹಣ್ಣಿನ ಸಾರು ಅನ್ನ ಉಂಡರೆ ಹೊಟ್ಟೆಗೂ ಹಗುರ, ಮನಸ್ಸಿಗೂ ಖುಷಿ. ಬಿಪಿ ಇರುವವರು ಮಾತ್ರ ಉಪ್ಪಿನಕಾಯಿ ಕಡಿಮೆ ಮಾಡಬೇಕು. ವಾಂತಿಭೇದಿ ಆದಾಗ ಒಆರ್‌ಎಸ್ ಪೊಟ್ಟಣವೇ ಬೇಕು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಪೂರ್ತಿ ಒಂದೇ ಸಲ ಕಲಸಬೇಕು. ಲೋಟಕ್ಕೊಂದು ಚಮಚ ಅಂತ ಅಂದಾಜಿಗೆ ಹಾಕಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆರು ತಿಂಗಳೊಳಗಿನ ಮಗುವಿಗೆ ಬೇಸಿಗೆ ಅಂತ ನೀರು ಕುಡಿಸಬೇಡಿ. ತಾಯಿಯ ಹಾಲನ್ನು ಆಗಾಗ ಕೊಡಿ, ಅದರಲ್ಲಿ ಬೇಕಾದಷ್ಟು ನೀರಿದೆ.

ವಯಸ್ಸಾದವರ ಬಗ್ಗೆ ನನಗೆ ಯಾವಾಗಲೂ ಚಿಂತೆ. ಮಕ್ಕಳು ಬೆಂಗಳೂರಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರೇ, ಕೆಲವೊಮ್ಮೆ ಒಬ್ಬರೇ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆ ಮೇಲೆ ನೀರು ಮುಟ್ಟುವುದಿಲ್ಲ. ಜೊತೆಗೆ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ. ಬೆಳಿಗ್ಗೆ ಮಂಚದಿಂದ ಎದ್ದ ಕೂಡಲೇ ಬಿಪಿ ಇಳಿದು ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ನಾನು ಹೇಳುವುದು ಇಷ್ಟೇ: ಬೆಳಿಗ್ಗೆ ಒಂದು ಚೊಂಬು ತುಂಬಿ ಕಣ್ಣಿಗೆ ಕಾಣುವಲ್ಲಿ ಇಡಿ, ಊಟದೊಳಗೆ ಖಾಲಿ ಮಾಡಿ. ಮತ್ತೆ ತುಂಬಿ, ಸಂಜೆ ಆರರೊಳಗೆ ಖಾಲಿ ಮಾಡಿ. ಮಕ್ಕಳು ಫೋನ್ ಮಾಡಿದಾಗ "ಊಟ ಆಯ್ತಾ" ಅನ್ನೋದರ ಜೊತೆಗೆ "ಚೊಂಬು ಖಾಲಿ ಆಯ್ತಾ" ಅಂತಲೂ ಕೇಳಲಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಅಳೆದು ಕುಡಿಯಲು ಹೇಳಿದ್ದರೆ ಆ ಅಳತೆ ಮೀರಬಾರದು. ವಾಂತಿಭೇದಿಯಾದ ದಿನ ಬಿಪಿ, ಸಕ್ಕರೆ ಮಾತ್ರೆ ನುಂಗುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ. ಇನ್ಸುಲಿನ್ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅದರ ಶಕ್ತಿ ಹೋಗಿಬಿಡುತ್ತದೆ.

ಏಪ್ರಿಲ್, ಮೇ ಅಂದರೆ ಮದುವೆಗಳು. ಕೊಡವರ ಉದ್ದನೆಯ ಕಪ್ಪು ಅಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಮಧ್ಯಾಹ್ನದ ತನಕ ನಿಂತೇ ಇರುವ ಹಿರಿಯರು. ನಡುವೆ ಒಂದೆರಡು ಪೆಗ್. ಮದ್ಯ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ತಳ್ಳುತ್ತದೆ. ಕುಡಿಯುವವರು ಪ್ರತಿ ಪೆಗ್‌ಗೆ ಒಂದು ಲೋಟ ನೀರು ಸೇರಿಸಿ, ಬಿಸಿಲು ಇಳಿಯುವ ಮುಂಚೆ ಶುರು ಮಾಡಬೇಡಿ. ಊಟದ ವಿಷಯದಲ್ಲಿ ಒಂದು ಮಾತು. ಕಾಚಂಪುಳಿ ಅನ್ನೋ ಗಟ್ಟಿ ಹುಳಿ ಹಾಕಿದ ಪಂದಿಕರಿ (ಹಂದಿಮಾಂಸದ ಅಡುಗೆ) ಕೆಡುವುದಿಲ್ಲ ಅಂತ ಗಂಟೆಗಟ್ಟಲೆ ಹಾಗೇ ಇಡುತ್ತಾರೆ. ಹುಳಿಯಿಂದ ಸ್ವಲ್ಪ ರಕ್ಷಣೆ ಇದೆ, ಆದರೆ ಬೇಸಿಗೆಯಲ್ಲಿ ಅದನ್ನೇ ನಂಬಿ ಕೂರಬಾರದು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಕಾದರೆ ಹಬೆಯಾಡುವಷ್ಟು ಬಿಸಿ ಇರಬೇಕು, ಇಲ್ಲದಿದ್ದರೆ ಫ್ರಿಜ್ಜಿನೊಳಗೆ ಹೋಗಬೇಕು.

ನೀರು ಕಡಿಮೆ ಆದ ಕಡೆ ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಆ ಶುದ್ಧ ನೀರಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ಡ್ರಮ್ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಬಟ್ಟೆ ಬಿಗಿದು ಮುಚ್ಚಿ.

ಇನ್ನು ನಮ್ಮ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಈ ಪಂದ್ಯಾವಳಿ ನಡೆಯುವುದು ಬೇಸಿಗೆಯಲ್ಲೇ. ನನಗೂ ಅದು ಪ್ರಾಣ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಓಡುವುದನ್ನು ಬೇರೆಲ್ಲಿ ನೋಡಬೇಕು? ಆದರೆ ವರ್ಷವಿಡೀ ಎಸಿ ಆಫೀಸಿನಲ್ಲಿ ಕೂತವರು ಹಿಂದಿನ ರಾತ್ರಿ ಬಸ್ ಹತ್ತಿ ಬಂದು, ಮರುದಿನ ಹನ್ನೆರಡು ಗಂಟೆಗೆ ಸ್ಟಿಕ್ ಹಿಡಿಯುತ್ತಾರೆ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ದಿನಗಳಲ್ಲಿ ಮೈ ಬೇಗ ಬೆವರಲು ಕಲಿಯುತ್ತದೆ, ಬೆವರಲ್ಲಿ ಉಪ್ಪು ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಹಾಗಾಗಿ ಪಂದ್ಯಕ್ಕೆ ಹತ್ತು ದಿನ ಮುಂಚೆಯೇ ದಿನಾ ಅರ್ಧ ಗಂಟೆ ಬಿಸಿಲಲ್ಲಿ ನಡೆಯಿರಿ, ನಿಧಾನಕ್ಕೆ ಓಟಕ್ಕೆ ಬನ್ನಿ. ನಲವತ್ತು ದಾಟಿದವರು, ಬಿಪಿ ಸಕ್ಕರೆ ಇರುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಆಡುವಾಗ ಎದೆ ಬಿಗಿದರೆ ಗ್ಯಾಸ್ ಅಂದುಕೊಂಡು ಆಟ ಮುಂದುವರಿಸಬೇಡಿ.

ಮೈದಾನದಲ್ಲಾಗಲಿ ತೋಟದಲ್ಲಿ ಮರಕಪಾತು (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮಾಡುವಲ್ಲಾಗಲಿ, ಒಬ್ಬರು ತಲೆಬುಡವಿಲ್ಲದೆ ಮಾತಾಡುತ್ತಿದ್ದಾರೆ, ತೂರಾಡುತ್ತಿದ್ದಾರೆ, ಮೈ ಕೆಂಡದಂತಿದೆ ಅಂದರೆ ಅದು ಬಿಸಿಲಾಘಾತ ಅಂತಲೇ ತಿಳಿಯಿರಿ. ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಬೆವರುತ್ತಿದ್ದಾರೆ, ಹಾಗಾಗಿ ಅದಲ್ಲ ಅಂತ ಸಮಾಧಾನಪಡಬೇಡಿ, ದುಡಿಯುವಾಗ ಬರುವ ಬಿಸಿಲಾಘಾತದಲ್ಲಿ ಬೆವರು ಇರಬಹುದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಮೊದಲು ಮೈ ತಣಿಸಬೇಕು, ಆಮೇಲೆ ಆಸ್ಪತ್ರೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಸಿಕ್ಕಿದ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಜೋರಾಗಿ ಗಾಳಿ ಬೀಸಿ. ಕಂಕುಳು, ಕತ್ತು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಇಷ್ಟು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ನೆಟ್‌ವರ್ಕ್ ಸಿಗದ ತೋಟಗಳೇ ನಮ್ಮಲ್ಲಿ ಜಾಸ್ತಿ, ಆಗ ಜೀಪಿನಲ್ಲೇ ಹೊರಡಿ. ಗಾಳಿ ಆಡುವಂತೆ ಟಾರ್ಪಾಲ್ ಎತ್ತಿ ಕಟ್ಟಿ, ಎರಡು ಕ್ಯಾನ್ ನೀರು ಜೊತೆಗೆ ಹಾಕಿಕೊಳ್ಳಿ. ಮೈ ಒಣಗಿದ ಹಾಗೆ ದಾರಿಯುದ್ದಕ್ಕೂ ಮತ್ತೆ ಮತ್ತೆ ಸುರಿಯುತ್ತಾ ಬನ್ನಿ.