ಫ್ರಾಂಚೈಸಿ ಹೋಟೆಲಿನ ಲೋಗೋ ನಿಜಕ್ಕೂ ಯಾರದ್ದು?

ಹೋಟೆಲ್ ಫ್ರಾಂಚೈಸಿ, ಅಂದರೆ ಒಂದು ಕಂಪನಿಯ ಹೆಸರಿನಲ್ಲಿ ಶಾಖೆ ನಡೆಸುವ ಅನುಮತಿ, ತಗೊಳ್ಳುವವರು ಅಗ್ರಿಮೆಂಟ್ ಹಿಡಿದು ವಕೀಲಿ ಮಾಡುವ ನನ್ನ ಹತ್ತಿರ ಬಂದಾಗ ಠೇವಣಿ ಎಷ್ಟು, ರಾಯಲ್ಟಿ ಎಷ್ಟು, ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಶಾಖೆ ಕೊಟ್ಟುಬಿಟ್ಟರೆ ಏನು ಗತಿ ಅಂತ ಕೇಳುತ್ತಾರೆ. ಕೇಳಬೇಕಾದ ಮಾತೇ. ಅದರ ಜೊತೆ ನಾನೊಂದು ಪ್ರಶ್ನೆ ಸೇರಿಸುತ್ತೇನೆ. ಈ ಲೋಗೋ, ಮೆನು ಕಾರ್ಡ್, ಅಡುಗೆಯ ಕೈಪಿಡಿ ಎಲ್ಲ ಕಂಪನಿಯದ್ದೇ ಅನ್ನುವುದಕ್ಕೆ ಕಾಗದ ಇದೆಯಾ?

ಎಷ್ಟೋ ಸಲ ಕಂಪನಿಯ ಹತ್ತಿರವೇ ಇರುವುದಿಲ್ಲ. ಬದಲಿಗೆ ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ತೋರಿಸುತ್ತಾರೆ. ಅದು ಬೇಕು, ಆದರೆ ಅದು ಬ್ರ್ಯಾಂಡಿನ ಗುರುತಿಗೆ ಸಿಗುವ ಬೇರೆ ಹಕ್ಕು. ಲೋಗೋದ ಚಿತ್ರಕ್ಕೆ ಕಾಪಿರೈಟ್, ಅಂದರೆ ಅದನ್ನು ನಕಲು ಮಾಡುವ ಹಕ್ಕು, ಪ್ರತ್ಯೇಕವಾಗಿ ಇರುತ್ತದೆ.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಾಡಿದವರೇ ಮೊದಲ ಒಡೆಯರು. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದು ಮಾಲೀಕರಿಗೆ ಸೇರುತ್ತದೆ. ಹೊರಗಿನವರ ಹತ್ತಿರ ದುಡ್ಡು ಕೊಟ್ಟು ಮಾಡಿಸಿದಾಗಲೇ ಗೊಂದಲ ಜಾಸ್ತಿ. ಫೋಟೊ ಅಥವಾ ವಿಡಿಯೊ ಮಾಡಿಸಿದರೆ ಹಕ್ಕು ಸಾಮಾನ್ಯವಾಗಿ ದುಡ್ಡು ಕೊಟ್ಟವರದ್ದು. ಲೋಗೋ ಮಾಡಿಸಿದರೆ, ಕೈಪಿಡಿ ಬರೆಸಿದರೆ, ಹಕ್ಕು ಮಾಡಿದವರ ಹತ್ತಿರವೇ ಉಳಿಯುತ್ತದೆ. ಅಂದರೆ ಒಂದೇ ಮೆನು ಕಾರ್ಡಿನಲ್ಲಿ ಮಸಾಲೆ ದೋಸೆಯ ಫೋಟೊ ಕಂಪನಿಯದ್ದು, ಅದರ ಮೇಲಿನ ಲೋಗೋ ಡಿಸೈನರ್‌ದು! ಬಿಲ್ ಕಟ್ಟಿದ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. ಬರಹದಲ್ಲಿ, ಸಹಿ ಹಾಕಿ, ವರ್ಗಾಯಿಸಬೇಕು.

ಆ ಬರಹವೂ ಸರಿಯಾಗಿರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 19ನೇ ಸೆಕ್ಷನ್ ಅದನ್ನು 5 ವರ್ಷಕ್ಕೆ ಮಿತಿಗೊಳಿಸುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈಯಲ್ಲಿ ಶಾಖೆ ತೆರೆಯುವ ಕನಸಿದ್ದವರು ಇದನ್ನು ಗಮನಿಸಬೇಕು.

ಶಾಖೆ ನಡೆಸುತ್ತಿದ್ದ ನನ್ನ ಕಕ್ಷಿದಾರರೊಬ್ಬರಿಗೆ ಈ 5 ವರ್ಷದ ಪೆಟ್ಟೇ ಬಿತ್ತು. ಕಂಪನಿಗೆ ಡಿಸೈನರ್ ಬರೆದುಕೊಟ್ಟ ಪತ್ರದಲ್ಲಿ ಅವಧಿ ಇರಲಿಲ್ಲ. 5 ವರ್ಷ ಕಳೆದ ಮೇಲೆ ಡಿಸೈನರ್ ಮತ್ತೆ ದುಡ್ಡು ಕೇಳಿದರು. ಕಂಪನಿ ಹೊಸ ಲೋಗೋ ಮಾಡಿಸಿ, ಎಲ್ಲ ಶಾಖೆಗಳೂ ಬೋರ್ಡ್ ಬದಲಾಯಿಸಲಿ ಅಂದಿತು. ಬೋರ್ಡ್, ಪಾರ್ಸೆಲ್ ಕವರ್, ಹುಡುಗರ ಟೀ ಶರ್ಟ್, ಎಲ್ಲ ಹೊಸದು. ಖರ್ಚು ಮಾತ್ರ ಶಾಖೆಯವರದ್ದು, ಏಕೆಂದರೆ ಅಗ್ರಿಮೆಂಟಿನಲ್ಲಿ ಹಾಗೇ ಬರೆದಿತ್ತು. ತಪ್ಪು ಯಾರದ್ದೋ, ದಂಡ ಯಾರಿಗೋ. ಇದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನ್ನಿಸುತ್ತದೆ. ಅದಕ್ಕೇ ಒಡೆತನದ ತಕರಾರಿನಿಂದ ಬರುವ ನಷ್ಟವೆಲ್ಲ ಕಂಪನಿಯೇ ತುಂಬಿಕೊಡಬೇಕು ಅನ್ನುವ ಷರತ್ತು ಇಲ್ಲದ ಅಗ್ರಿಮೆಂಟಿಗೆ ಸಹಿ ಹಾಕಬೇಡಿ ಅನ್ನುತ್ತೇನೆ.

ಇನ್ನು ಬಳಕೆ. ನೀವು ಕೊಂಡಿರುವುದು ಅನುಮತಿ ಮಾತ್ರ, ಅದೂ ಬರೆದಿರುವಷ್ಟೇ. ನಿಮ್ಮ ಅಂಗಡಿಯ ಬೋರ್ಡಿಗೆ ಒಪ್ಪಿಗೆ ಇದೆ ಅಂತ ಮದುವೆ ಕೇಟರಿಂಗ್ ವ್ಯಾನಿಗೂ ಅದೇ ಲೋಗೋ ಅಂಟಿಸುವ ಹಾಗಿಲ್ಲ. ಅಗ್ರಿಮೆಂಟ್ ಮುಗಿದ ದಿನ ಬೋರ್ಡ್ ಇಳಿಸಿ ಸುಮ್ನೆ ಕೂರಬೇಡಿ. ಸ್ವಿಗ್ಗಿ, ಝೊಮ್ಯಾಟೊದಲ್ಲಿರುವ ಫೋಟೊಗಳನ್ನೂ ತೆಗೆಸಿ. ಗೊತ್ತಿದ್ದೂ ಬಳಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಕೆಂಪು ಚಟ್ನಿಗೆ ಎಷ್ಟು ಬೆಳ್ಳುಳ್ಳಿ, ಎಷ್ಟು ಮೆಣಸಿನಕಾಯಿ ಅನ್ನುವ ಅಳತೆಗೆ ಕಾಪಿರೈಟ್ ಇಲ್ಲ. ಅದನ್ನು ವಿವರಿಸಿದ ಕೈಪಿಡಿಯ ಬರಹಕ್ಕೆ ಇದೆ. ಹಾಗಾಗಿ ಕಂಪನಿಗಳು ಅಳತೆಯನ್ನು ಕಾಪಾಡಿಕೊಳ್ಳುವುದು ಗೌಪ್ಯತೆಯ ಷರತ್ತಿನಿಂದ. ಆ ಷರತ್ತು ಅಗ್ರಿಮೆಂಟ್ ಮುಗಿದ ಮೇಲೂ ಎಷ್ಟು ವರ್ಷ ನಿಮ್ಮನ್ನು ಕಟ್ಟಿಹಾಕುತ್ತದೆ ಅಂತ ಓದಿ ನೋಡಿ.

ಹೋಟೆಲಿನಲ್ಲಿ ಹಾಡು ಹಾಕುತ್ತೀರಿ ಅಲ್ವಾ? ಬ್ರ್ಯಾಂಡಿನ ಅನುಮತಿಯಲ್ಲಿ ಅದು ಸೇರಿರುವುದಿಲ್ಲ. ಧ್ವನಿಮುದ್ರಣಕ್ಕೆ ಬೇರೆ, ಸಾಹಿತ್ಯ ಸಂಗೀತಕ್ಕೆ ಬೇರೆ ಲೈಸೆನ್ಸ್ ಬೇಕಾಗುತ್ತದೆ. ಪಿಪಿಎಲ್, ಐಪಿಆರ್‌ಎಸ್ ಥರದ ಸಂಸ್ಥೆಗಳು ಅದನ್ನು ಕೊಡುತ್ತವೆ. ಆ ಖರ್ಚು ಕಂಪನಿಯದ್ದೋ ನಿಮ್ಮದೋ ಅಂತ ಸಹಿಗೆ ಮೊದಲೇ ಬರೆಸಿಕೊಳ್ಳಿ.