ಯೋಚಿಸಿ ಕೊಡುವವರು, ಯೋಚಿಸದೆ ಕೊಡುವವರು

ಶ್ರವಣಬೆಳಗೊಳದ ಗುಳ್ಳಕಾಯಜ್ಜಿ ಕತೆ ಹಾಸನದ ಕಡೆ ಗೊತ್ತಿಲ್ಲದವರು ಕಡಿಮೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಗೊಮ್ಮಟನ ಪಾದಕ್ಕೆ ಇಳಿಯಲಿಲ್ಲವಂತೆ, ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಇಳಿಯಿತಂತೆ. ಎಷ್ಟು ಕೊಟ್ಟೆ ಅನ್ನುವುದಕ್ಕಿಂತ ಯಾವ ಮನಸ್ಸಿನಿಂದ ಕೊಟ್ಟೆ ಅನ್ನುವುದೇ ಕತೆಯ ವಿಷಯ. ಈ ‘ಮನಸ್ಸು’ ಎಲ್ಲಿಂದ ಬರುತ್ತದೆ ಎಂದು ವಿಜ್ಞಾನ ಕೇಳತೊಡಗಿ ತುಂಬಾ ವರ್ಷವಾಗಿಲ್ಲ. ಅಷ್ಟರಲ್ಲೇ ಸಾಕಷ್ಟು ಉತ್ತರಗಳು ಬಂದು, ಕೆಲವು ಬಿದ್ದೂ ಹೋಗಿವೆ.

ಮೊದಲು ತಲೆ ಕೆಡಿಸಿಕೊಂಡವರು ಜೀವಶಾಸ್ತ್ರದವರು. ತನಗೆ ನಷ್ಟ ಮಾಡಿಕೊಂಡು ಬೇರೆಯವರಿಗೆ ಕೊಡುವ ಪ್ರಾಣಿ ಉಳಿದದ್ದಾದರೂ ಹೇಗೆ? ರಕ್ತಸಂಬಂಧಿಗಳಲ್ಲಿ ನಮ್ಮದೇ ಜೀನುಗಳಿರುತ್ತವೆ, ಅವರಿಗೆ ಮಾಡಿದ ಸಹಾಯ ಆ ಜೀನುಗಳಿಗೂ ಲಾಭ ಎಂದು 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಲೆಕ್ಕ ಹಾಕಿ ತೋರಿಸಿದರು. ಸಂಬಂಧವೇ ಇಲ್ಲದವರ ವಿಷಯ 1971ರಲ್ಲಿ ರಾಬರ್ಟ್ ಟ್ರಿವರ್ಸ್ ಎತ್ತಿಕೊಂಡರು. ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಇದನ್ನು ಕೇಳಿ ಸಕಲೇಶಪುರ, ಮೂಡಿಗೆರೆ ಕಡೆಯ ಹಿರಿಯರು ನಗಬಹುದು. ನಾಟಿ ಕಾಲದಲ್ಲಿ ಮುಯ್ಯಾಳು ಹೋಗುವುದು ಅಂದರೆ ಇದೇ ಅಲ್ವಾ? ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರ ಮುಯ್ಯಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ, ಆ ಪುಸ್ತಕ ನೋಡಿಕೊಂಡೇ ಮುಂದೆ ಅವರ ಮನೆ ಮದುವೆಗೆ ಎಷ್ಟು ಹಾಕಬೇಕು ಎಂದು ತೀರ್ಮಾನ ಆಗುತ್ತದೆ, ಹಾಗಂತ ಅದನ್ನು ಯಾರೂ ಜಿಪುಣತನ ಅನ್ನುವುದಿಲ್ಲ.

ಆಮೇಲೆ ಅರ್ಥಶಾಸ್ತ್ರದವರು ಬಂದರು. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1986ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಯ ಮುಂದೆ 20 ಡಾಲರ್. ಮುಖ ಗೊತ್ತಿಲ್ಲದ ಇನ್ನೊಬ್ಬನ ಜೊತೆ ಅರ್ಧ ಅರ್ಧ ಹಂಚಬಹುದು, ಇಲ್ಲವೇ ತಾನು 18 ಇಟ್ಟುಕೊಂಡು 2 ಕೊಡಬಹುದು. ಕೇಳುವವರು ಯಾರೂ ಇಲ್ಲ. ಆದರೂ ಶೇ 76 ಜನ ಸಮನಾಗಿ ಹಂಚಿದರು. ಎಷ್ಟು ಬೇಕಾದರೂ ಕೊಡಬಹುದಾದ ಇಂಥ ನೂರಾರು ಆಟಗಳನ್ನು 2011ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಸರಾಸರಿ ಶೇ 28ರಷ್ಟು ಹಣ ಎದುರಿನವರಿಗೆ ಹೋಗಿತ್ತು. ಜನ ಕೊಡುತ್ತಾರೆ ಅನ್ನುವುದು ಖಾತ್ರಿಯಾಯಿತು. ಯಾಕೆ ಅನ್ನುವುದು ಬಾಕಿ ಉಳಿಯಿತು.

ಇಲ್ಲಿಂದ ಗಲಾಟೆ ಶುರು. 2005ರಲ್ಲಿ ಜ್ಯೂರಿಕ್‌ನ ಒಂದು ತಂಡ ಗಂಡಸರ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿ, ಅವರು ಅಪರಿಚಿತರ ಕೈಗೆ ಹೆಚ್ಚು ದುಡ್ಡು ನಂಬಿ ಕೊಟ್ಟರು ಎಂದು ವರದಿ ಮಾಡಿತು. ಹೆರಿಗೆ, ಹಾಲೂಡಿಸುವ ಹೊತ್ತಿನ ಹಾರ್ಮೋನು ಇದು. (ಹಸು ಕಟ್ಟಿದವರಿಗೆ ಹೆಸರು ಗೊತ್ತಿರುತ್ತದೆ, ಹಾಲು ಇಳಿಸಲು ಕದ್ದು ಚುಚ್ಚುವ ಇಂಜೆಕ್ಷನ್ ಅದೇ.) ಪತ್ರಿಕೆಗಳು ಅದಕ್ಕೆ ಪ್ರೀತಿಯ ಹಾರ್ಮೋನು ಎಂದು ಹೆಸರಿಟ್ಟವು. 2020ರಲ್ಲಿ 677 ಜನರ ಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಒಟ್ಟಾರೆ ಪರಿಣಾಮ ಕಾಣಲೇ ಇಲ್ಲ. ನಡುವೆ 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು, ಈ ಹಾರ್ಮೋನು ‘ನಮ್ಮವರು’ ಎಂದುಕೊಂಡವರ ಕಡೆಗೆ ಮಾತ್ರ ಕೈ ಬಿಚ್ಚಿಸುತ್ತದೆ ಎಂದಿದ್ದರು. ನನಗೆ ಇದೇ ಹೆಚ್ಚು ನಂಬುವ ಹಾಗಿದೆ, ಆದರೆ ಮೂಗಿನ ಸ್ಪ್ರೇ ಪ್ರಯೋಗಗಳನ್ನು ನಂಬಿ ಈಗ ಏನೂ ಹೇಳುವ ಹಾಗಿಲ್ಲ.

ಯೋಚನೆಯ ರೀತಿಯ ಕತೆಯೂ ಹೀಗೇ. 2007ರ ಅಮೆರಿಕದ ಒಂದು ಅಧ್ಯಯನದಲ್ಲಿ ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಹುಡುಗಿಯ ಫೋಟೊ, ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ, ಕೆಲವರಿಗೆ ಎರಡನ್ನೂ ಕೊಟ್ಟರು. ಹುಡುಗಿಗೆ ಸರಾಸರಿ 2.38 ಡಾಲರ್ ಬಂತು, ಅಂಕಿಅಂಶಕ್ಕೆ 1.14, ಎರಡೂ ಸೇರಿದ್ದಕ್ಕೆ ಬರೀ 1.43. ಅಂದರೆ ಹುಡುಗಿಯ ಜೊತೆ ಅಂಕಿಅಂಶವೂ ಸೇರಿದಾಗ ಕೈ ಬಿಗಿಯಾಯಿತು. ಮೊದಲೇ ಒಂದಿಷ್ಟು ಲೆಕ್ಕ ಮಾಡಿಸಿ ಆಮೇಲೆ ಕೇಳಿದಾಗಲೂ ಹುಡುಗಿಗೆ ಬರುವ ಹಣ ಇಳಿಯಿತು, ಲಕ್ಷಾಂತರ ಜನರಿಗೆ ಬರುವುದೇನೂ ಏರಲಿಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಜರಿದಾಗ ಪರಿಹಾರ ಎತ್ತುತ್ತಿದ್ದವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಹೆಕ್ಟೇರ್ ಲೆಕ್ಕ ಹೇಳಿದರೆ ಜನ ತಲೆಯಾಡಿಸುತ್ತಾರೆ, ಮಣ್ಣಿನಡಿ ಹೋದ ಒಂದು ಮನೆಯ ಫೋಟೊ ತೋರಿಸಿದರೆ ಜೇಬಿಗೆ ಕೈ ಹಾಕುತ್ತಾರೆ.

2012ರಲ್ಲಿ ಡೇವಿಡ್ ರ‍್ಯಾಂಡ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಹತ್ತು ಸೆಕೆಂಡಿನೊಳಗೆ ತೀರ್ಮಾನಿಸಿ ಎಂದರೆ ಜನ ಹೆಚ್ಚು ಕೊಡುತ್ತಾರೆ, ನಿಧಾನ ಯೋಚಿಸಿ ಎಂದರೆ ಕಡಿಮೆ. ಅಂದರೆ ನಾವು ಹುಟ್ಟಾ ಧಾರಾಳಿಗಳು, ಬುದ್ಧಿ ಬಂದು ಕೆಡಿಸುತ್ತದೆ! ಎಲ್ಲರಿಗೂ ಇಷ್ಟವಾಗುವ ಮಾತು. 2017ರಲ್ಲಿ 21 ಪ್ರಯೋಗಾಲಯಗಳು ಸೇರಿ ಪರೀಕ್ಷಿಸಿದವು. ಹೇಳಿದ ಸಮಯದೊಳಗೆ ಉತ್ತರಿಸದವರನ್ನು ಕೈಬಿಟ್ಟರೆ ಮಾತ್ರ ವ್ಯತ್ಯಾಸ ಕಾಣುತ್ತಿತ್ತು, ಎಲ್ಲರನ್ನೂ ಸೇರಿಸಿದರೆ ಇಲ್ಲ. ಬೇಕಾದವರನ್ನು ಇಟ್ಟುಕೊಂಡು ಸರಾಸರಿ ತೆಗೆದರೆ ಏನು ಬೇಕಾದರೂ ಬರುತ್ತದೆ ಬಿಡಿ.

ಮೆದುಳಿನ ಕಡೆ ಸ್ವಲ್ಪ ಗಟ್ಟಿ ನೆಲ ಇದೆ. ಗುರುತು ಪರಿಚಯವಿಲ್ಲದವರಿಗೆ ಮೂತ್ರಪಿಂಡ ಕೊಟ್ಟ 19 ಜನರನ್ನು ಅಬಿಗೇಲ್ ಮಾರ್ಷ್ ತಂಡ ಸ್ಕ್ಯಾನ್ ಮಾಡಿ 2014ರಲ್ಲಿ ಪ್ರಕಟಿಸಿತು. ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಬಲಗಡೆ ಇವರಲ್ಲಿ ದೊಡ್ಡದಾಗಿತ್ತು, ಹೆದರಿದ ಮುಖ ಕಂಡರೆ ಹೆಚ್ಚು ಚುರುಕಾಗುತ್ತಿತ್ತು. ಎದುರಿನವರ ಹೆದರಿಕೆ ಇವರಿಗೆ ಬೇಗ ತಟ್ಟುತ್ತದೆ ಅನ್ನಬಹುದು. ಆದರೆ 19 ಜನ ಅಂದರೆ 19 ಜನ ಅಷ್ಟೇ. ಅಮಿಗ್ಡಲಾ ದೊಡ್ಡದಿದ್ದದ್ದಕ್ಕೆ ಕೊಟ್ಟರೋ, ಕೊಡುವ ಬದುಕು ಬದುಕಿ ಅದು ಹಾಗಾಯಿತೋ, ಸ್ಕ್ಯಾನ್ ಹೇಳುವುದಿಲ್ಲ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಜೋಸೆಫ್ ಹೆನ್ರಿಕ್ ಮತ್ತಿತರರು 2001ರಲ್ಲಿ ಪ್ರಕಟಿಸಿದ ಕೆಲಸ. ಅವರು 15 ಸಣ್ಣ ಸಮುದಾಯಗಳಲ್ಲಿ ಹಣ ಹಂಚುವ ಆಟ ಆಡಿಸಿದರು. ಇಲ್ಲಿ ಎದುರಿನವನು ಬೇಡ ಎಂದರೆ ಇಬ್ಬರಿಗೂ ಏನೂ ಸಿಗುವುದಿಲ್ಲ. ಪೆರುವಿನ ಕಾಡಿನಲ್ಲಿ ಮನೆಮನೆ ಬೇರೆಯಾಗಿ ಬೇಸಾಯ ಮಾಡುವ ಮಚಿಗುವೆಂಗಾ ಜನ ಸರಾಸರಿ ಶೇ 26 ಕೊಟ್ಟರು. ಇಂಡೊನೇಷ್ಯಾದಲ್ಲಿ ಗುಂಪಾಗಿ ತಿಮಿಂಗಿಲ ಬೇಟೆಯಾಡುವ ಲಮಲೆರಾ ಜನ ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ಇವರ ಹಾರ್ಮೋನು ಬೇರೆ ಬೇರೆಯೇ? ಅಲ್ಲ, ಹೊಟ್ಟೆಪಾಡಿನ ಕೆಲಸ ಬೇರೆ. ಒಬ್ಬರೇ ಮಾಡಲಾಗದ ಕೆಲಸ ಇರುವ ಕಡೆ ಹಂಚಿಕೊಳ್ಳುವುದು ಯೋಚಿಸದೆಯೇ ಬರುವಷ್ಟು ರೂಢಿಯಾಗಿರುತ್ತದೆ. ರ‍್ಯಾಂಡ್ ಕೂಡ, ಥಟ್ಟನೆ ಹೊಳೆಯುವುದು ದಿನನಿತ್ಯದ ಬದುಕಿನಲ್ಲಿ ಕೆಲಸಕ್ಕೆ ಬಂದ ಅಭ್ಯಾಸ ಎಂದೇ ವಾದಿಸುತ್ತಾ ಬಂದವರು. ಜೈವಿಕ ಗುಣ ಮತ್ತು ಯೋಚನೆಯ ರೀತಿ ಎರಡೂ ಇವೆ, ಅವುಗಳಿಗೆ ಪಾಠ ಹೇಳುವುದು ಊರು.

ನಮ್ಮ ಕಡೆ ಆ ಊರೇ ಬದಲಾಗುತ್ತಿದೆ. ಗದ್ದೆಗಳು ತೋಟವಾಗಿವೆ ಇಲ್ಲವೇ ಬೀಳು ಬಿದ್ದಿವೆ, ನಾಟಿಗೆ ಮೆಷಿನ್ ಬಂದಿದೆ, ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಕೆಲಸದವರು ಬರುತ್ತಾರೆ, ಎಲ್ಲದಕ್ಕೂ ದಿನಗೂಲಿ. ಮುಯ್ಯಾಳು ಹೋಗಿ ಬಂದ ತಲೆಮಾರು ಮತ್ತು ಅದನ್ನು ಕಾಣದ ತಲೆಮಾರು ಸದ್ಯ ಒಂದೇ ಮನೆಯಲ್ಲಿವೆ. ಹೆನ್ರಿಕ್ ಆಡಿಸಿದ ಆಟವನ್ನು ಯಾರಾದರೂ ಸಂಶೋಧಕರು ಇಬ್ಬರ ಮುಂದೆಯೂ ಇಟ್ಟು ನೋಡುವುದಾದರೆ ಈಗಲೇ ಬರಬೇಕು. ಇನ್ನೊಂದಿಷ್ಟು ವರ್ಷ ಕಳೆದರೆ ಹೋಲಿಸಿ ನೋಡಲು ಹಿರಿಯರೇ ಇರುವುದಿಲ್ಲ.